ಶುಗರ್ ಮಾತ್ರೆಗಳ ಜೊತೆ ಪೂರಕ ಮಾತ್ರೆಗಳು: ತಾಯಿಯವರ ಪಟ್ಟಿಯನ್ನು ನೋಡಿ ಹೇಳುವಿರಾ?

ನೀಲಿಛತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರಿಗೆ 63 ವರ್ಷ. ಎರಡನೇ ವಿಧದ ಮಧುಮೇಹ ಕಾಣಿಸಿಕೊಂಡು 11 ವರ್ಷಗಳಾಗಿವೆ. ವೈದ್ಯರು ಬರೆದುಕೊಟ್ಟಿರುವುದು ಮೆಟ್‌ಫಾರ್ಮಿನ್ 1000 ಮಿ.ಗ್ರಾಂ ದಿನಕ್ಕೆರಡು ಬಾರಿ, ಬೆಳಗಿನ ತಿಂಡಿಗೆ ಮುನ್ನ ಗ್ಲಿಮೆಪಿರೈಡ್ 2 ಮಿ.ಗ್ರಾಂ, ಬಿ.ಪಿ.ಗೆ ಟೆಲ್ಮಿಸಾರ್ಟನ್, ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್, ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ. ರಕ್ತ ಕಡಿಮೆಯಿದೆ ಎಂದು 4 ತಿಂಗಳ ಹಿಂದೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಮಾತ್ರೆಯನ್ನೂ ಅವರೇ ಸೇರಿಸಿದರು.

ಇದರ ಮೇಲೆ ಅಮ್ಮ ತಾವಾಗಿಯೇ ಸೇರಿಸಿಕೊಂಡಿರುವುದು ಕ್ಯಾಲ್ಸಿಯಂ, 1000 ಮಿ.ಗ್ರಾಂನ ವಿಟಮಿನ್ ಸಿ, ಕೂದಲು ಉದುರುತ್ತದೆ ಎಂದು 10,000 ಮೈಕ್ರೋಗ್ರಾಂನ ಬಯೋಟಿನ್, ಮತ್ತು ಎರಡು ತಿಂಗಳಿಂದ ಮಧುನಾಶಿನಿ ಎಂಬ ಗಿಡಮೂಲಿಕೆಯ ಸಾರದ ಕ್ಯಾಪ್ಸೂಲ್. ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣ ಮೂರನ್ನೂ ಅಂಗೈಯಲ್ಲಿ ಹಾಕಿಕೊಂಡು ಒಂದೇ ಲೋಟ ನೀರಿನಲ್ಲಿ ನುಂಗಿ, "ಒಂದು ಕೆಲಸ ಮುಗಿಯಿತು" ಎನ್ನುವುದು ಅವರ ಅಭ್ಯಾಸ.

ನನ್ನ ಆತಂಕಕ್ಕೆ ಕಾರಣಗಳಿವೆ. ಕಳೆದ ಮೂರು ವಾರಗಳಲ್ಲಿ ನಾಲ್ಕು ಬಾರಿ, ಬೆಳಿಗ್ಗೆ 11 ಗಂಟೆಯ ಹೊತ್ತಿಗೆ ಅವರಿಗೆ ಕೈ ನಡುಗಿ, ಕತ್ತಿನ ಹಿಂಭಾಗವೆಲ್ಲ ಬೆವೆತುಹೋಗಿದೆ. ಕೊನೆಯ ಬಾರಿ ತೋಳಿಗೆ ಅಂಟಿಸಿದ, ಸಕ್ಕರೆ ಅಳೆಯುವ ಸೆನ್ಸರ್ 94 ತೋರಿಸುತ್ತಿತ್ತು. ಅನುಮಾನ ಬಂದು ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರಿನಲ್ಲಿ 61 ಬಂತು. ಪಾದಗಳು ಜುಮುಗುಟ್ಟುತ್ತವೆ ಎಂದು ಆರೇಳು ತಿಂಗಳಿಂದ ಹೇಳುತ್ತಿದ್ದಾರೆ. ಇಷ್ಟಾದರೂ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 7.9ರಿಂದ 7.2ಕ್ಕೆ ಇಳಿದಿರುವುದರಿಂದ ಕ್ಯಾಪ್ಸೂಲನ್ನು ಬಿಡಲು ಅವರು ಸುತರಾಂ ಒಪ್ಪುತ್ತಿಲ್ಲ. ಈಗ ಲೈಪೋಯಿಕ್ ಆಮ್ಲ ಮತ್ತು ಬರ್ಬೆರಿನ್ ಎಂಬ ಪೂರಕಗಳನ್ನು ಕೂಡ ತರಿಸಿಕೊಡು ಎನ್ನುತ್ತಿದ್ದಾರೆ. ಇವೆಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ, ಮಧ್ಯೆ ಎಷ್ಟು ಅಂತರವಿರಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಮಾತ್ರೆಪೆಟ್ಟಿಗೆ

ನಾನು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅಂತರದ ವಿಷಯಕ್ಕೆ ಆಮೇಲೆ ಬರುತ್ತೇನೆ. 11 ಗಂಟೆಯ ನಡುಕಕ್ಕೆ ಕಾಯುವ ವ್ಯವಧಾನವಿಲ್ಲ, ಅದನ್ನು ಇಂದೇ ವೈದ್ಯರಿಗೆ ದೂರವಾಣಿ ಮಾಡಿ ತಿಳಿಸಿ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ, ಏಕೆಂದರೆ ಅದು ಮುಖ್ಯವಾಗಿ ಯಕೃತ್ತು ಹೊರಬಿಡುವ ಗ್ಲುಕೋಸನ್ನು ತಗ್ಗಿಸುತ್ತದೆಯೇ ಹೊರತು ಇನ್ಸುಲಿನ್ನನ್ನು ಹಿಂಡಿ ತೆಗೆಯುವುದಿಲ್ಲ. ಗ್ಲಿಮೆಪಿರೈಡ್ ಹಾಗಲ್ಲ, ಹೊಟ್ಟೆಯಲ್ಲಿ ಊಟ ಇರಲಿ ಇಲ್ಲದಿರಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಮತ್ತು ನುಂಗಿದ ಎರಡು ಮೂರು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠ ಮಟ್ಟ ಮುಟ್ಟುತ್ತದೆ. ತಿಂಡಿ ಎಂಟೂವರೆಗೆ ಎಂದಿಟ್ಟುಕೊಂಡರೆ 11 ಗಂಟೆ ಎಂಬುದು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅದರ ಮೇಲೆ ಸಕ್ಕರೆಯನ್ನು ಇಳಿಸಬಲ್ಲ ಮತ್ತೊಂದು ಸಾರ ಬಂದು ಸೇರಿದೆ. ಮಧುನಾಶಿನಿಯ ಬಗ್ಗೆ ನಡೆದಿರುವ ಪರೀಕ್ಷೆಗಳು ಚಿಕ್ಕವು, ಅದರ ಬಲ ಎಷ್ಟೆಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಈಗಾಗಲೇ ಅಂಚಿನಲ್ಲಿ ನಿಂತಿರುವವರನ್ನು ಕೆಳಗೆ ತಳ್ಳಲು ಸಣ್ಣ ಬಲವೂ ಸಾಕಾಗುತ್ತದೆ. ಕ್ಯಾಪ್ಸೂಲನ್ನು ಈಗಲೇ ನಿಲ್ಲಿಸಬಹುದು. ಗ್ಲಿಮೆಪಿರೈಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ; ಅದರ ಪ್ರಮಾಣವನ್ನು ತಗ್ಗಿಸುವ ತೀರ್ಮಾನ ವೈದ್ಯರದು.

ಮತ್ತೆ ನಡುಕ ಬಂದು ಗ್ಲುಕೋಮೀಟರಿನ ಓದು 70ಕ್ಕಿಂತ ಕೆಳಗಿದ್ದರೆ ಸುಮಾರು 15 ಗ್ರಾಂ ಗ್ಲುಕೋಸ್ ಅಥವಾ ನೀರಿನಲ್ಲಿ ಕದಡಿದ ಮೂರು ದೊಡ್ಡ ಟೀ ಚಮಚ ಸಕ್ಕರೆ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಬೆರಳಿನಿಂದಲೇ ಅಳೆಯಿರಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಅಂಗೈಯಲ್ಲಿ ಒಟ್ಟಿಗೆ ಬೀಳುವ ಆ ಮೂರು ಮಾತ್ರೆಗಳು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಎರಡೂ ಕರುಳಿನಲ್ಲಿ ಲೆವೊಥೈರಾಕ್ಸಿನ್ನನ್ನು ಕಟ್ಟಿಹಾಕುತ್ತವೆ, ಮಾತ್ರೆಯ ಒಂದು ಭಾಗ ರಕ್ತಕ್ಕೆ ಸೇರದೆಯೇ ಹೊರಟುಹೋಗುತ್ತದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಂಡು, ಈ ಎರಡಕ್ಕೂ ಕನಿಷ್ಠ 4 ಗಂಟೆಗಳ ಅಂತರ ಕೊಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೂಡ ಪರಸ್ಪರ ಹೊಂದುವುದಿಲ್ಲವಾದ್ದರಿಂದ ಕಬ್ಬಿಣವನ್ನು ಮಧ್ಯಾಹ್ನಕ್ಕೂ ಕ್ಯಾಲ್ಸಿಯಮ್ಮನ್ನು ರಾತ್ರಿ ಊಟದ ಜೊತೆಗೂ ಹಂಚಿದರೆ ಜಗಳ ಮುಗಿಯುತ್ತದೆ. ಇಸಬ್ಗೋಲಿನಂಥ ನಾರಿನ ಪುಡಿ ಏನಾದರೂ ಇದ್ದರೆ ಅದನ್ನು ಎಲ್ಲ ಮಾತ್ರೆಗಳಿಂದಲೂ ದೂರವಿಡಿ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಪೊಟ್ಯಾಸಿಯಂ ಪೂರಕಗಳನ್ನೂ ಪೊಟ್ಯಾಸಿಯಂ ಬೆರೆಸಿದ "ಕಡಿಮೆ ಸೋಡಿಯಂ" ಉಪ್ಪನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು, ಮೂತ್ರಪಿಂಡ ಸ್ವಲ್ಪ ದಣಿದಿದ್ದರಂತೂ ಮುಟ್ಟಲೇಬಾರದು. ನಿಮ್ಮ ಪಟ್ಟಿಯಲ್ಲಿ ಅದಿಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು.

ಮೂರನೇಮಹಡಿ

ನಾನು ವೈದ್ಯನಲ್ಲ, 17 ವರ್ಷಗಳಿಂದ ಮಧುಮೇಹಿ. ನಿಮ್ಮ ತಾಯಿಯವರ ಪಾದದ ಜುಮುಗುಟ್ಟುವಿಕೆಯ ಬಗ್ಗೆ ಯಾರೂ ಮಾತನಾಡದೆ ಮುಂದೆ ಹೋಗಿಬಿಡುತ್ತಾರೋ ಎಂಬ ಭಯದಿಂದ ಬರೆಯುತ್ತಿದ್ದೇನೆ.

ನನಗೂ ಹಾಗೆಯೇ ಆರಂಭವಾಯಿತು. ಮೊದಲು ಬೆರಳುಗಳ ತುದಿ, ನಂತರ ಅಂಗಾಲು. ಒಂದು ರಾತ್ರಿ ಚಪ್ಪಲಿ ಕಳಚಿದ್ದೇ ತಿಳಿಯದೆ ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿ ಬಂದೆ. ಆಗ ನಾನು ಹೋಗುತ್ತಿದ್ದ ಚಿಕಿತ್ಸಾಲಯದಲ್ಲಿ "ಶುಗರ್ ಇರುವವರಿಗೆ ಇದು ಸಹಜ" ಎಂದು ಹೇಳಿ ನರಕ್ಕೊಂದು ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ವರ್ಷ ಹಾಗೆಯೇ ಕಳೆಯಿತು. ಬೇರೆ ಊರಿನಲ್ಲಿ ಬೇರೊಬ್ಬ ವೈದ್ಯೆ ನನ್ನ ಮಾತ್ರೆಗಳ ಹೆಸರುಗಳನ್ನೆಲ್ಲ ಓದಿ, ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ಎಂದು ಕೇಳಿ, ವಿಟಮಿನ್ ಬಿ12 ಪರೀಕ್ಷೆ ಬರೆದುಕೊಟ್ಟರು. ಮಿಲಿಲೀಟರ್ ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ನನ್ನದು 130ರ ಆಸುಪಾಸಿನಲ್ಲಿತ್ತು. ಚುಚ್ಚುಮದ್ದು ಆರಂಭಿಸಿದ ನಾಲ್ಕೈದು ತಿಂಗಳಲ್ಲಿ ಕೈಬೆರಳುಗಳು ಸರಿಹೋದವು. ಎಡ ಅಂಗಾಲಿನ ಹೊರ ಅಂಚು ಮಾತ್ರ ಇಂದಿಗೂ ಮರಗಟ್ಟಿಯೇ ಇದೆ. ಆ ಎರಡು ವರ್ಷಗಳು ಅಲ್ಲಿ ಉಳಿದುಕೊಂಡಿವೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆಮೇಲೆ ಓದಿ ತಿಳಿದದ್ದು ಇಷ್ಟು. ಬಿ12 ದೇಹಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅಲ್ಲಿ ಅದನ್ನು ಹಿಡಿದು ಒಳಗೆಳೆಯುವ ಕ್ರಿಯೆಗೆ ಕ್ಯಾಲ್ಸಿಯಂ ಬೇಕು, ಮತ್ತು ಮೆಟ್‌ಫಾರ್ಮಿನ್ ಅಡ್ಡಿಪಡಿಸುವುದು ಈ ಹಂತದಲ್ಲಿಯೇ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ನೆದರ್ಲೆಂಡ್ಸ್‌ನಲ್ಲಿ ಇನ್ಸುಲಿನ್ ಪಡೆಯುತ್ತಿದ್ದ 390 ಮಧುಮೇಹಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರ ಬಿ12 ಮಟ್ಟ ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ ಶೇ. 19ರಷ್ಟು ಕಡಿಮೆಯಾಗಿತ್ತು. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ಬರುತ್ತದೆ. ನಿಮ್ಮ ತಾಯಿಯವರದು 11 ವರ್ಷ, ದಿನಕ್ಕೆ 2000 ಮಿ.ಗ್ರಾಂ. ಅವರ ಬಿ12 ಅನ್ನು ಯಾರಾದರೂ ಒಮ್ಮೆಯಾದರೂ ನೋಡಿದ್ದಾರೆಯೇ?

ಅವರ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ ಎಂದಿದ್ದೀರಿ. ನನ್ನ ವಿಷಯದಲ್ಲಿ ಅದೇ ಪರದೆಯಾಗಿತ್ತು. ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಸರಿಪಡಿಸಿಬಿಡುತ್ತದೆ, ರಕ್ತದ ವರದಿ ಚೆನ್ನಾಗಿಯೇ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಅಳತೆಗಾರ

ಪ್ರಯೋಗಾಲಯದಲ್ಲಿ ದುಡಿಯುವವನಾದ್ದರಿಂದ ನನ್ನ ಕಣ್ಣು ಮಾತ್ರೆಗಳಿಗಿಂತ ಮೊದಲು ಅಂಕಿಗಳ ಮೇಲೆ ಹೋಗುತ್ತದೆ. ಪೂರಕವೊಂದು ಸಕ್ಕರೆಯನ್ನು ಇಳಿಸುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅದು ಓದನ್ನು ಕೆಡಿಸುತ್ತದೆಯೇ ಎಂದು ಕೇಳುವವರು ವಿರಳ. ನಿಮ್ಮ ತಾಯಿಯವರ ಪಟ್ಟಿಯಲ್ಲಿ ಓದನ್ನು ಕೆಡಿಸಬಲ್ಲ ವಸ್ತುಗಳು ಮೂರಿವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಗೋಜಲಿನ ಹೆಚ್ಚಿನ ಭಾಗ ಅಲ್ಲಿಂದಲೇ ಬಂದಿದೆ.

ಮೊದಲನೆಯದು 94 ಮತ್ತು 61ರ ವ್ಯತ್ಯಾಸ. ತೋಳಿನ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ಅದು ಕೆಲವು ನಿಮಿಷ ಹಿಂದೆಯೇ ಉಳಿದಿರುತ್ತದೆ. ಆದರೆ ಕೆಲವು ಸೆನ್ಸರ್‌ಗಳ ಕೈಪಿಡಿಗಳಲ್ಲಿ, ದಿನಕ್ಕೆ 500 ಮಿ.ಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಸೇವಿಸಿದರೆ ಓದು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು ಎಂಬ ಎಚ್ಚರಿಕೆ ಅಚ್ಚಾಗಿಯೇ ಇದೆ, ಏಕೆಂದರೆ ಆ ವಿಟಮಿನ್ ಕೂಡ ಸೆನ್ಸರ್‌ನ ವಿದ್ಯುದಗ್ರದಲ್ಲಿ ಉತ್ಕರ್ಷಣಗೊಂಡು ಗ್ಲುಕೋಸಿನಂತೆಯೇ ಸಂಕೇತ ಕೊಡುತ್ತದೆ. ಎರಡರಲ್ಲಿ ಯಾವುದರ ಪಾಲು ಎಷ್ಟೆಂದು ನಾನು ಇಲ್ಲಿ ಕುಳಿತು ಹೇಳಲಾರೆ. ನಿಮ್ಮ ಸೆನ್ಸರ್‌ನ ಕೈಪಿಡಿಯನ್ನು ತೆರೆದು ನೋಡಿ, ವಿಟಮಿನ್ ಸಿ ನಿಲ್ಲಿಸಿ, ದೇಹ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದಾಗ ಬೆರಳನ್ನೇ ಚುಚ್ಚಿ. ನೀವು ಅಂದು ಹಾಗೆ ಮಾಡಿದ್ದು ಬಹಳ ಒಳ್ಳೆಯದಾಯಿತು. 94 ಎಂದು ನಂಬಿ ಕುಳಿತಿದ್ದರೆ ಕಷ್ಟವಿತ್ತು.

ಎರಡನೆಯದು ಬಯೋಟಿನ್. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಕೂದಲಿನ ಮಾತ್ರೆಯಲ್ಲಿ ಅದರ ಮುನ್ನೂರು ಪಟ್ಟಿಗೂ ಹೆಚ್ಚಿದೆ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ, ಆ ಹಿಡಿತವನ್ನೇ ಅನೇಕ ಹಾರ್ಮೋನ್ ಪರೀಕ್ಷೆಗಳಲ್ಲಿ ಕೊಂಡಿಯಾಗಿ ಬಳಸುತ್ತಾರೆ. ರಕ್ತದಲ್ಲಿ ಹೊರಗಿನಿಂದ ಬಂದ ಬಯೋಟಿನ್ ತುಂಬಿಕೊಂಡಿದ್ದರೆ ಕೊಂಡಿಯ ಜಾಗಗಳಲ್ಲಿ ಅದೇ ಹೋಗಿ ಕುಳಿತುಬಿಡುತ್ತದೆ. ಇಂಥ ಪರೀಕ್ಷೆಯಲ್ಲಿ, ದೇಹಕ್ಕೆ ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಮೇಲೇರುವ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಈಗ ಮಾತ್ರೆಪೆಟ್ಟಿಗೆಯವರು ಬರೆದದ್ದನ್ನು ಇದರ ಪಕ್ಕದಲ್ಲಿಡಿ: ಕ್ಯಾಲ್ಸಿಯಂ ಮತ್ತು ಕಬ್ಬಿಣದಿಂದಾಗಿ ನಿಜವಾದ ಟಿಎಸ್‌ಎಚ್ ಮೇಲೇರುತ್ತಿರಬಹುದು, ಬಯೋಟಿನ್‌ನಿಂದಾಗಿ ವರದಿಯಲ್ಲಿನ ಟಿಎಸ್‌ಎಚ್ ಕೆಳಗಿಳಿಯುತ್ತಿರಬಹುದು, ಎರಡು ತಪ್ಪುಗಳು ಸೇರಿ ಕಾಗದದ ಮೇಲೆ ಒಂದು ಸುಂದರವಾದ ಸಾಮಾನ್ಯ ಅಂಕಿ ಮೂಡಿರಬಹುದು. ಇದು ಥೈರಾಯ್ಡಿಗೆ ಸೀಮಿತವಾದ ತೊಂದರೆಯಲ್ಲ. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೊಪೋನಿನ್ ಪರೀಕ್ಷೆಯೂ ಹೀಗೆ ಸುಳ್ಳಾಗಿ ಕಡಿಮೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಹೃದಯಾಘಾತದ ಅಪಾಯ ಹೆಚ್ಚಿರುವ ಮಧುಮೇಹಿಗಳಿಗೆ ಇದು ಸಣ್ಣ ಮಾತಲ್ಲ. ಕೆಲವು ಯಂತ್ರಗಳಲ್ಲಿ ಬಿ12 ಪರೀಕ್ಷೆಗೂ ಇದೇ ಕೊಂಡಿ ಇರುತ್ತದೆ, ಅಲ್ಲಿ ಅಂಕಿ ಸುಳ್ಳಾಗಿ ಹೆಚ್ಚು ಬರಬಹುದು. ಆದ್ದರಿಂದ ರಕ್ತ ಕೊಡುವ ಕನಿಷ್ಠ 2 ದಿನ ಮೊದಲು, ಈ ಪ್ರಮಾಣಕ್ಕಾದರೆ ಇನ್ನೂ ಒಂದೆರಡು ದಿನ ಮೊದಲೇ, ಬಯೋಟಿನ್ ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸಿ.

ಮೂರನೆಯದು ನಿಮ್ಮ ತಾಯಿಯವರಿಗೆ ರುಚಿಸಲಾರದು. 7.9 ಇದ್ದದ್ದು 7.2 ಆಯಿತೆಂಬ ಶ್ರೇಯವನ್ನು ಅವರು ಮಧುನಾಶಿನಿಗೆ ಕೊಟ್ಟಿದ್ದಾರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆ ಅವಧಿಯಲ್ಲಿ ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕವೇ ಎಚ್‌ಬಿಎ1ಸಿ. ಕಬ್ಬಿಣದ ಕೊರತೆಯಿರುವವರಲ್ಲಿ ಈ ಅಂಕಿ ಸಕ್ಕರೆ ಏರದಿದ್ದರೂ ಹೆಚ್ಚಾಗಿ ಕಾಣುವ ಪ್ರವೃತ್ತಿಯಿದೆ. ಕಬ್ಬಿಣ ಕೊಟ್ಟಾಗ ಹೊಸ ಕಣಗಳು ಧಾರಾಳವಾಗಿ ಬಂದು, ಸಕ್ಕರೆ ಅಂಟಲು ಇನ್ನೂ ಸಮಯ ಸಿಗದ ಆ ಎಳೆಯ ಕಣಗಳಿಂದಾಗಿ ಅಂಕಿ ತಾನಾಗಿ ಇಳಿಯುತ್ತದೆ. ಕಬ್ಬಿಣ ಆರಂಭವಾಗಿ 4 ತಿಂಗಳು, ಕ್ಯಾಪ್ಸೂಲ್ ಆರಂಭವಾಗಿ 2 ತಿಂಗಳು. ಇಳಿದ 0.7ರಲ್ಲಿ ಎಷ್ಟು ಯಾರದ್ದು? ಉಪವಾಸದ ಮತ್ತು ಊಟದ ನಂತರದ ಓದುಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದರೆ ಮಾತ್ರ ಹೇಳಬಹುದು.

ಹಸಿರುಕಷಾಯ

ಇಲ್ಲಿ ಎಲ್ಲರೂ ಸೇರಿ ಪ್ರಶ್ನೆ ಕೇಳಿದವರನ್ನು ಅನಗತ್ಯವಾಗಿ ಹೆದರಿಸುತ್ತಿದ್ದೀರಿ ಎಂದು ಅನ್ನಿಸುತ್ತದೆ. ನಾನು 6 ವರ್ಷಗಳಿಂದ ಮೆಟ್‌ಫಾರ್ಮಿನ್ ಜೊತೆ ಲೈಪೋಯಿಕ್ ಆಮ್ಲ 600 ಮಿ.ಗ್ರಾಂ, ಒಂದು ವರ್ಷದಿಂದ ಬರ್ಬೆರಿನ್ ತೆಗೆದುಕೊಳ್ಳುತ್ತಿದ್ದೇನೆ. ಪಾದದ ಉರಿ ಕಡಿಮೆಯಾಗಿದೆ, ಯಾವ ತೊಂದರೆಯೂ ಆಗಿಲ್ಲ. ಗಿಡಮೂಲಿಕೆಯಿಂದ ಬಂದದ್ದನ್ನು ರಾಸಾಯನಿಕ ಮಾತ್ರೆಯ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಮಾತ್ರೆಪೆಟ್ಟಿಗೆ

ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಲೈಪೋಯಿಕ್ ಆಮ್ಲದಿಂದ ನರದ ಉರಿ ತಗ್ಗುತ್ತದೆ ಎನ್ನುವ ಅಧ್ಯಯನಗಳೂ ಇವೆ. ಆದರೆ ನಿಮ್ಮ ಪಟ್ಟಿಯಲ್ಲಿ ಗ್ಲಿಮೆಪಿರೈಡ್ ಇಲ್ಲ, ಅವರ ಪಟ್ಟಿಯಲ್ಲಿ ಇದೆ. ನಿಮಗೆ ಸುಮ್ಮನಿದ್ದ ವಸ್ತು ಅವರಿಗೂ ಸುಮ್ಮನಿರುತ್ತದೆ ಎನ್ನಲಾಗದು.

ಗಿಡಮೂಲಿಕೆಯೆಂಬ ಕಾರಣಕ್ಕೆ ಬೇರೆ ಸಾಲು ಎಂಬ ಮಾತಿಗೆ ಒಂದೇ ಉತ್ತರ: ಮೆಟ್‌ಫಾರ್ಮಿನ್‌ನ ಮೂಲವನ್ನು ಹುಡುಕಿಕೊಂಡು ಹೋದರೂ ಗಲೇಗಾ ಎಂಬ ಗಿಡವೇ ಸಿಗುತ್ತದೆ. ಬರ್ಬೆರಿನ್ ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕೆಲವು ಕಿಣ್ವಗಳನ್ನು ತಡೆಯುತ್ತದೆ, ಅವುಗಳಲ್ಲಿ ಗ್ಲಿಮೆಪಿರೈಡನ್ನು ಒಡೆಯುವುದೂ ಅಟೊರ್ವಾಸ್ಟಾಟಿನ್ನನ್ನು ಒಡೆಯುವುದೂ ಸೇರಿವೆ. ಹೀಗಾಗಿ ಇವರ ತಾಯಿಯವರ ವಿಷಯದಲ್ಲಿ ಅದು ತಾನೂ ಸಕ್ಕರೆ ಇಳಿಸಿ, ಇನ್ನೊಂದು ಮಾತ್ರೆಯನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಬಹುದು. ಕೊಲೆಸ್ಟರಾಲ್‌ಗೆಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆಯದೂ ಇದೇ ಕಥೆ: ಅದರೊಳಗಿನ ಮೊನಾಕೋಲಿನ್ ಕೆ ಎಂಬುದು ಲೊವಾಸ್ಟಾಟಿನ್ ಔಷಧವೇ, ಹೆಸರು ಮಾತ್ರ ಬೇರೆ. ಲೈಪೋಯಿಕ್ ಆಮ್ಲಕ್ಕೆ ಬಂದರೆ, ಕೆಲವು ವಂಶವಾಹಿ ಗುಣವಿರುವವರಲ್ಲಿ ದೇಹ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ಸಕ್ಕರೆ ತೀವ್ರವಾಗಿ ಕುಸಿದ ಪ್ರಕರಣಗಳು ವರದಿಯಾಗಿವೆ, ಅದರಲ್ಲೂ ಜಪಾನಿನಿಂದ. ಬಹಳ ಅಪರೂಪದ ಸಂಗತಿ, ಆದರೂ ಈಗಾಗಲೇ ಕುಸಿತ ಕಾಣುತ್ತಿರುವವರಿಗೆ ಹೊಸದಾಗಿ ಆರಂಭಿಸುವ ಕಾಲ ಇದಲ್ಲ.

ಸೀಸೆಯ ಮೇಲಿನ ಹೆಸರೇ ಸೀಸೆಯ ಒಳಗಿದೆ ಎಂಬ ಖಾತರಿಯೂ ಇಲ್ಲ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದಲ್ಲಿ, ಮಧುಮೇಹವೇ ಇಲ್ಲದ 150 ಮಂದಿ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು, ಅವರಲ್ಲಿ ನಾಲ್ವರು ತೀರಿಕೊಂಡರು. ಲೈಂಗಿಕ ಶಕ್ತಿಗೆಂದು ಮಾರಲಾಗುತ್ತಿದ್ದ ಕಳ್ಳ ಮಾತ್ರೆಗಳಲ್ಲಿ ಗ್ಲಿಬೆಂಕ್ಲಮೈಡ್ ಎಂಬ ಶುಗರ್ ಔಷಧ ಬೆರೆತದ್ದು ಆಮೇಲೆ ಪತ್ತೆಯಾಯಿತು. ಮಧುಮೇಹಕ್ಕೆಂದೇ "ಸಂಪೂರ್ಣ ನೈಸರ್ಗಿಕ" ಎಂದು ಮಾರಿದ ವಸ್ತುಗಳಲ್ಲಿಯೂ ಇಂಥ ಔಷಧಗಳು ಸಿಕ್ಕಿವೆ. ಆದ್ದರಿಂದ ಒಂದು ಗಿಡಮೂಲಿಕೆ ಕ್ಯಾಪ್ಸೂಲ್ ಒಂದೇ ವಾರದಲ್ಲಿ ಬೆರಗಾಗುವಷ್ಟು ಸಕ್ಕರೆ ಇಳಿಸಿದರೆ ನನಗೆ ಸಂತೋಷಕ್ಕಿಂತ ಮೊದಲು ಸಂಶಯ ಬರುತ್ತದೆ.

ನೀಲಿಛತ್ರಿ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಮಾತ್ರೆಪೆಟ್ಟಿಗೆಯವರು ಹೇಳಿದ ದಿನವೇ ವೈದ್ಯರೊಂದಿಗೆ ಮಾತನಾಡಿದೆ. ಅಮ್ಮನ ಎಲ್ಲ ಸೀಸೆ, ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಬಯೋಟಿನ್ ಮತ್ತು ಕ್ಯಾಪ್ಸೂಲ್ ವಿಷಯ ಅವರಿಗೆ ಅಂದೇ ಮೊದಲ ಬಾರಿಗೆ ತಿಳಿದದ್ದು. "ಔಷಧ ಏನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು, ಇವು ಔಷಧವಲ್ಲವಲ್ಲ ಎಂದು ಹೇಳಲಿಲ್ಲ" ಎಂಬುದು ಅಮ್ಮನ ಸಮಜಾಯಿಷಿ.

ಗ್ಲಿಮೆಪಿರೈಡ್ 1 ಮಿ.ಗ್ರಾಂಗೆ ಇಳಿಯಿತು, ಕ್ಯಾಪ್ಸೂಲ್, ವಿಟಮಿನ್ ಸಿ, ಬಯೋಟಿನ್ ಮೂರೂ ನಿಂತವು. 11 ಗಂಟೆಯ ನಡುಕ ಆಮೇಲೆ ಬಂದಿಲ್ಲ. ಬಯೋಟಿನ್ ನಿಲ್ಲಿಸಿದ ಒಂದು ವಾರಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ, ಮೊದಲು 2.1 ಎಂದು ಬಂದಿದ್ದ ಟಿಎಸ್‌ಎಚ್ 8.4 ಬಂತು. ವೈದ್ಯರು ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸದೆ, ಮೊದಲು ಅಂತರ ಸರಿಪಡಿಸಿ ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಬಿ12 148 ಇತ್ತು. ಚುಚ್ಚುಮದ್ದು ನಡೆಯುತ್ತಿದೆ, ಜುಮುಗುಟ್ಟುವುದು ರಾತ್ರಿಯ ಹೊತ್ತು ಸ್ವಲ್ಪ ಕಡಿಮೆ ಎನ್ನುತ್ತಾರೆ, ಹಗಲು ಹಾಗೆಯೇ ಇದೆ.

ಮೂರನೇಮಹಡಿಯವರಿಗೆ ನಾನು ಋಣಿ. ಅಮ್ಮ ಮಾತ್ರ ಎಚ್‌ಬಿಎ1ಸಿ ಮತ್ತೆ ಏರಿದರೆ ಕ್ಯಾಪ್ಸೂಲನ್ನು ಪುನಃ ಶುರು ಮಾಡುತ್ತೇನೆಂದು ಕಾದು ಕುಳಿತಿದ್ದಾರೆ.

ಅಳತೆಗಾರ

ಅವರಿಗೆ ಒಂದು ಮಾತು ತಿಳಿಸಿ. ಬಿ12 ಚುಚ್ಚುಮದ್ದಿನಿಂದಲೂ ಹೊಸ ರಕ್ತಕಣಗಳು ಹೆಚ್ಚಾಗಿ ಬರುವುದರಿಂದ ಮುಂದಿನ ಎಚ್‌ಬಿಎ1ಸಿ ಇನ್ನಷ್ಟು ಇಳಿದು ಕಾಣಬಹುದು, ಕೆಲವು ತಿಂಗಳ ನಂತರ ರಕ್ತ ಸ್ಥಿರವಾದಾಗ ತುಸು ಏರಬಹುದು. ಆ ಇಳಿಕೆಯನ್ನೂ ಏರಿಕೆಯನ್ನೂ ಯಾವ ಕ್ಯಾಪ್ಸೂಲಿನ ಖಾತೆಗೂ ಬರೆಯುವಂತಿಲ್ಲ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಉಪವಾಸದ ಓದು, ಎರಡು ದಿನ ಊಟವಾದ ಎರಡು ಗಂಟೆಯ ಓದು, ಎರಡನ್ನೂ ಬೆರಳಿನಿಂದಲೇ ತೆಗೆದು ದಿನಾಂಕದೊಂದಿಗೆ ಬರೆದಿಡಲಿ.